ರಂಗೋಲಿ ಮೇಲೆ ಬ್ರೇಕ್ ಆಯಿಲ್

ನಾನು ರಂಗೋಲಿ ಹಾಕುವುದು ನಮ್ಮ ಕಾರಿನ ಮುಂದಿನ ಚಕ್ರದ ಪಕ್ಕದಲ್ಲೇ. ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಯಲ್ಲಿ ಬೇರೆ ಜಾಗವಿಲ್ಲ. ಎರಡು ದಿನ ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ದಿನದ ರಂಗೋಲಿ ಒಂದೇ ಕಡೆ ಒದ್ದೆ. ಬೀದಿನಾಯಿಗೆ ಬೈದೆ. ಮೂರನೆಯ ದಿನ ಬೆರಳಲ್ಲಿ ಮುಟ್ಟಿದೆ. ಜಿಡ್ಡು. ಬೈದದ್ದೆಲ್ಲ ದಂಡ.

ನಮ್ಮ ಮನೆಯವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಬಗ್ಗಿ ನೋಡಿ, "ಬ್ರೇಕಿನ ಕ್ಯಾಲಿಪರ್ ಸೋರ್ತಿದೆ. ಹಳೇ ಕಾರು, ಸಾಕು. ಗುಜರಿಗೆ ಹಾಕೋಣ," ಅಂದರು.

ಮೈ ಉರಿಯಿತು. ನನಗೆ ಮಂಡಿ ನೋವು, ರೈಲು ಸ್ಟೇಷನ್ ಮೆಟ್ಟಿಲು ಹತ್ತಲಾರೆ. ಶುಕ್ರವಾರ ಪಲ್ಲಾವರಂ ಸಂತೆಗೆ ಹೋಗಲು ನನಗಿರುವುದು ಈ ಕಾರೊಂದೇ. ಅದೂ ಹೋದರೆ ಅಡುಗೆಮನೆ, ಕಿಟಕಿ, ಅಷ್ಟೇ.

"ನಿಮ್ಮ ಮೂಗೂ ವರ್ಷವಿಡೀ ಸೋರುತ್ತೆ. ನಿಮ್ಮನ್ನೂ ಹಾಕ್ಬಿಡಣ್ವಾ?" ಅಂದೆ.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಕಾಲೇಜು ಹುಡುಗಿ, ಕಾರು ಓಡಿಸುವವಳು ಅವಳೇ. ಹುಟ್ಟಿ ಬೆಳೆದದ್ದು ಈ ತಮಿಳು ಊರಲ್ಲೇ, ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಹೋಗಿ ರಬ್ಬರ್ ಸೀಲು, ಬ್ರೇಕ್ ಆಯಿಲು ತಂದಳು. ಜಾಕಿ ಕೊಟ್ಟು ಚಕ್ರ ಬಿಚ್ಚಿದಳು. ತಾತ ಕುರ್ಚಿಯಲ್ಲಿ ಕೂತು ಹೇಳಿದಂತೆ, ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿಯುವ ಆ ಕ್ಯಾಲಿಪರ್ ತೆಗೆದು ಒರೆಸಿದಳು. ಒಳಗಿನ ಸೀಲು, ಆ ರಬ್ಬರ್ ಬಳೆ, ಹರಿದಿತ್ತು. ಹೊಸದು ಕೂರಲೊಲ್ಲದು.

ನಲವತ್ತು ವರ್ಷ ರವಿಕೆ ಹೊಲಿದವಳು ನಾನು. ಮಿಷನ್ ಮುನಿದರೆ ಎರಡು ತೊಟ್ಟು ಎಣ್ಣೆ ಬಿಡುತ್ತಿದ್ದೆ. ಆ ಡಬ್ಬಿಯನ್ನೇ ತಂದೆ.

"ಲೇ, ದೂರ ಇಡೇ ಅದನ್ನ! ಆ ಎಣ್ಣೆ ಸೋಕಿದ್ರೆ ರಬ್ಬರ್ ಉಬ್ಬಿ ಬ್ರೇಕೇ ಕೆಟ್ಟೋಗುತ್ತೆ. ಬ್ರೇಕ್ ಆಯಿಲೇ ಸವರಬೇಕು!"

ಗುಜರಿ ಎಂದವರು ಹಾಗೆ ಕೂಗಿದರು. ಇವರಿಗೂ ಕಾರು ಬೇಕು ಎಂದು ಆಗ ಗೊತ್ತಾಯಿತು.

ಬ್ರೇಕ್ ಆಯಿಲು ಸವರಿದರೆ ಬಳೆ ಜಾರಿ ಕೂತಿತು. ಎಲ್ಲ ಜೋಡಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಬ್ರೇಕ್ ತುಳಿದಿರಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಿ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೆ. ಇವರ ಕಾಲು ನಡುಗುತ್ತದೆ. ನಾನೇ ಡ್ರೈವರ್ ಸೀಟಿನಲ್ಲಿ ಕೂತೆ. ಜನ್ಮದಲ್ಲಿ ಅದೇ ಮೊದಲು.

ಮೊಮ್ಮಗಳು ಚಕ್ರದ ಹತ್ತಿರ ಕೂತು ಕೂಗಿದಳು: "ಅಜ್ಜಿ, ಮಿದಿ!" ತುಳಿದೆ.

"ಕಾಲ್ ಎಡುಕ್ಕಾದೆ!" ಎತ್ತಲಿಲ್ಲ.

"ವಿಡು!" ಬಿಟ್ಟೆ.

ಹೂವಿನವಳು ಬುಟ್ಟಿ ಇಳಿಸಿ ನಿಂತಳು. "ಎನ್ನ ಪಾಟಿ, ವಂಡಿ ಓಟ್ಟಪ್ ಪೋರೀಂಗಳಾ?"

ಹೌದಮ್ಮ, ಈ ಅಜ್ಜಿಯೇ ಗಾಡಿ ಓಡಿಸುತ್ತಾಳೆ, ಜಾಗ ಬಿಡು ಎಂದೆ. ಬಾಯಿ ಆಡಿತು, ಕಾಲು ಆಡಲಿಲ್ಲ. ಮಿಷನ್ ತುಳಿದ ಕಾಲು. ತಿರುಪಿನಿಂದ ಮೊದಲು ಗಾಳಿಗುಳ್ಳೆ ಬಂತಂತೆ, ಆಮೇಲೆ ಬರೀ ಆಯಿಲು. ಕಾಲಡಿ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಮೊಮ್ಮಗಳು ಗಲ್ಲಿ ತುದಿವರೆಗೆ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿದಳು. ನಿಂತಿತು.

ಶುಕ್ರವಾರ ಬೆಳಿಗ್ಗೆ ನೋಡಿದರೆ ರಂಗೋಲಿ ಒಣಗಿಯೇ ಇತ್ತು. ಒಳಗೆ ಬಂದೆ. ಇವರು ಆಗಲೇ ಇಸ್ತ್ರಿ ಶರ್ಟು ಹಾಕಿ, ಸಂತೆ ಚೀಲ ಹಿಡಿದು ಕೂತಿದ್ದರು.

"ಎಲ್ಲಿಗೆ, ಗುಜರಿಗಾ?" ಅಂದೆ.

"ಬಾಯಿ ಮುಚ್ಕೊಂಡು ಕಾರು ಹತ್ತೇ."

ಹತ್ತಿದೆ. ಮೊಮ್ಮಗಳ ಪಕ್ಕ, ಮುಂದಿನ ಸೀಟಿಗೆ. ಇವರನ್ನು ಚೀಲದ ಜೊತೆ ಹಿಂದೆ ಕೂರಿಸಿದೆ.