ಇನ್ನೂರು ಅಡಿ ಏರಿದ ಮನೆ

ಹೋದ ಭಾನುವಾರ ಮಧ್ಯಾಹ್ನ ನಾನು ಕೂತಿದ್ದ ಮನೆ ನೆಲ ಬಿಟ್ಟು ಇನ್ನೂರು ಅಡಿ ಮೇಲಕ್ಕೆ ಹೋಗಿತ್ತು. ಲೋಟದ ಕಾಫಿ ತುಳುಕಲಿಲ್ಲ. ಬೆಕ್ಕು ಏಳಲಿಲ್ಲ.

ಇವನಿಗೆ ತಲೆ ಕೆಟ್ಟಿದೆ ಅಂತೀರಾ? ಸ್ವಲ್ಪ ಕೇಳಿ.

ಗೊರೂರಿನಲ್ಲಿರುವ ನನ್ನ ಚಿಕ್ಕಪ್ಪ ವಿಮಾನಗಳ ಮೀಟರ್ ರಿಪೇರಿ ಮಾಡಿ ರಿಟೈರ್ ಆದವರು. ಗುಜರಿಗೆ ಬಿದ್ದಿದ್ದ ಒಂದು ಆಲ್ಟಿಮೀಟರ್ ತಂದು ನಡುಮನೆಯ ಗೋಡೆಗೆ ಹಾಕಿದ್ದಾರೆ. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಮೀಟರ್ ಅದು. ದಿನಾ ಬೆಳಿಗ್ಗೆ ಅದರ ನಾಬ್ ತಿರುಗಿಸಿ ಮುಳ್ಳನ್ನು ಸೊನ್ನೆಗೆ ಕೂರಿಸುತ್ತಾರೆ. (ದೇವರ ಪೂಜೆ ಆಮೇಲೆ.)

"ಮುಳ್ಳಿಗೆ ನೆಲ ಕಾಣಲ್ಲ ಕಣೋ. ಅದಕ್ಕೆ ಗೊತ್ತಿರೋದು ಗಾಳಿ ಒತ್ತಡ ಒಂದೇ. ಒತ್ತಡ ಇಳೀತು ಅಂದ್ರೆ ನಾವೇ ಮೇಲೇರಿದೀವಿ ಅನ್ಕೊಳ್ಳುತ್ತೆ. ಪೈಲಟ್‌ಗಳು ಅದಕ್ಕೇ ಇಳಿಯೋ ಊರಿನ ಒತ್ತಡ ರೇಡಿಯೋದಲ್ಲಿ ಕೇಳಿ ನಾಬ್ ತಿರುಗಿಸ್ತಾರೆ. ತಿರುಗಿಸ್ಲಿಲ್ವೋ, ಇನ್ನೂ ಸಾವಿರ ಅಡಿ ಇದೆ ಅಂತ ಮುಳ್ಳು ಹೇಳ್ತಿರುತ್ತೆ. ಮೋಡದ ಕೆಳಗೇ ಗುಡ್ಡ ಇರುತ್ತೆ," ಎನ್ನುತ್ತಾರೆ.

ಮನೆಗೂ ಅಷ್ಟೇ. ಮಧ್ಯಾಹ್ನ ಒತ್ತಡ ಕೊಂಚ ಇಳಿದು ಮುಳ್ಳು ದಿನಾ ನೂರಡಿ ಏರುತ್ತದೆ. ಅದನ್ನೂ ಮೀರಿದರೆ ಬಿರುಗಾಳಿ ಬರಬಹುದು. ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ನಿಂಗಯ್ಯ ತೆಪ್ಪ ಇಳಿಸುವ ಮುಂಚೆ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ಸಾ, ಮನೆ ಎಷ್ಟು ಏರೈತೆ ಇವತ್ತು?"

ಭಾನುವಾರ ಚಿಕ್ಕಪ್ಪ ಮಲಗಿದ್ದರು. ಮುಳ್ಳು ಇನ್ನೂರರಲ್ಲಿತ್ತು. ಹೊರಗೆ ಮಬ್ಬು ಬಿಸಿಲು. ಹೊಂಗೆ ಮರದಲ್ಲಿ ಒಂದೆಲೆ ಅಲುಗುತ್ತಿಲ್ಲ. ಒಂದು ಕಾಗೆಯೂ ಕೂಗುತ್ತಿಲ್ಲ. ನಾನು ನೋಡುತ್ತಿದ್ದಂತೆಯೇ ಮುಳ್ಳು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಕಾಲಡಿ ನೆಲವೇ ಇಲ್ಲವೆನಿಸಿತು. ಮೀಟರ್ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡು ನಾಬ್ ತಿರುಗಿಸಿದೆ. ಎಂದಿನ ನೂರಕ್ಕೆ ತಂದು ನಿಲ್ಲಿಸಿದೆ. ಎಷ್ಟು ಸಮಾಧಾನವಾಯಿತು ಗೊತ್ತೇ?

ನಿಂಗಯ್ಯ ಬಂದ. ಚಿಕ್ಕಪ್ಪ ಎದ್ದು, ಕನ್ನಡಕ ಹಾಕಿಕೊಂಡು ನೋಡಿದರು. "ನೂರೇ ಕಣಯ್ಯ. ಹೋಗ್ಬಾ."

ಹೇಳಲು ಬಾಯಿ ತೆರೆದೆ. ಈ ವಯಸ್ಸಿನಲ್ಲಿ ಬೈಸಿಕೊಳ್ಳುವುದೇ? ಕಾಫಿ ಕುಡಿದೆ.

ಗಂಟೆಯೊಳಗೆ ಬಿಸಿಲು ಹಳದಿಗೆ ತಿರುಗಿತು. ಆಮೇಲೆ ಗಾಳಿ ಬಂತು, ಹಿಂದೆಯೇ ಮಳೆ. ಎದುರಿನ ಎಸ್‌ಟಿಡಿ ಬೂತಿನ ಬೋರ್ಡು ಕಿತ್ತುಕೊಂಡು ರಸ್ತೆಗೆ ಬಿತ್ತು. ಆಗ ಬಾಯಿ ಬಿಟ್ಟೆ. ಚಿಕ್ಕಪ್ಪ ಮಳೆಯಲ್ಲೇ ಹಿನ್ನೀರಿನ ಕಡೆ ಓಡಿದರು. ನಾನು ಹಿಂದೆ.

ದಡದಲ್ಲಿ ನಿಂಗಯ್ಯನ ಹೆಂಡತಿ ನಿಂತಿದ್ದಳು. ಮಳೆಯೊಳಗಿಂದ ತೆಪ್ಪ ಬೋರಲಾಗಿ, ನಿಧಾನಕ್ಕೆ ತಿರುಗುತ್ತಾ, ನೇರ ನಮ್ಮ ಕಡೆಗೇ ತೇಲಿ ಬಂತು. ಅದರ ಜೊತೆ ಯಾರೂ ಇರಲಿಲ್ಲ. ಅವಳು ಅದನ್ನು ಎಳೆದು ದಡಕ್ಕೆ ಹಾಕಿ ಮತ್ತೆ ಮೊದಲಿನ ಜಾಗದಲ್ಲೇ ನಿಂತಳು.

ನಿಂಗಯ್ಯ ಬಂದದ್ದು ಗಾಳಿ ನಿಂತ ಮೇಲೆ, ದಡದ ಗುಂಟ ನಡೆದುಕೊಂಡು. ಬಲೆ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು.

"ನೀರಾಗೆ ಒಣಮರ ಒಂದು ಸಿಕ್ತು, ತಬ್ಕಂಡಿದ್ದೆ," ಎಂದ. ಕೋಪವೇನೂ ಇರಲಿಲ್ಲ, ಬರೀ ಆಶ್ಚರ್ಯ. "ಮನೆ ಏರಿಲ್ಲ ಅಂದ್ರಲ್ಲ ಸಾ?"

"ನಾನೇ ಸರಿಯಾಗಿ ನೋಡ್ಲಿಲ್ಲ ಕಣಯ್ಯ," ಎಂದರು ಚಿಕ್ಕಪ್ಪ.

ನಾನು ಪಕ್ಕದಲ್ಲೇ ನಿಂತಿದ್ದೆ. ತಲೆ ತಗ್ಗಿಸಿಕೊಂಡು ಹಾಸನದ ಬಸ್ಸು ಹತ್ತಿದೆ.

ಈಗ ಎಲ್ಲವನ್ನೂ ಈ ಅಂಕಣದಲ್ಲಿ ಬರೆದಿದ್ದೇನೆ. ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದು ನೀವು ಪತ್ರ ಬರೆಯಬಹುದು. ನಿಂಗಯ್ಯನಿಗೆ ಓದಲು ಬರುವುದಿಲ್ಲ.

ಅದು ಗೊತ್ತಿದ್ದೇ ಬರೆದೆನೇ?