ಪಾದ್ರಿಗಳು ಬಿಟ್ಟ ಹೆಸರು

ಪಾದ್ರಿಗಳ ಮೇಲೆ ಬಡಗಿಗೆ ಇವತ್ತಿಗೂ ಸಿಟ್ಟಿದೆ. ಮಗಳು ಜ್ವರದಿಂದ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ, ಭಾನುವಾರ ರೋಗಿಗಳಿಗಾಗಿ ಮಾಡಿದ ಪ್ರಾರ್ಥನೆಯಲ್ಲಿ ಅವರು ಅವಳ ಹೆಸರನ್ನೇ ಬಿಟ್ಟರು.

“ದೇವರಿಗೂ ನಾವು ಲೆಕ್ಕಕ್ಕಿಲ್ಲ ಕಣೇ, ಏಳು ಹೋಗೋಣ,” ಎಂದು ಹೆಂಡತಿಯ ಕೈ ಹಿಡಿದೆದ್ದ.

ಗೋಡೆ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಮನೆಯ ದರ್ಜಿ, ಹಿಂದಿನ ಬೆಂಚಿನಿಂದ ಆ ಹೆಸರನ್ನು ಗಟ್ಟಿಯಾಗಿ ಕೂಗಿದ. “ಕೂತ್ಕೊಳೋ ಮುಂಗೋಪಿ! ನಿಂಗೆ ನಂಬೋಕಾಗ್ದಿದ್ರೆ ಇವತ್ತು ನಿನ್ ಪಾಲಿಂದೂ ನಾನೇ ಬೇಡ್ಕೋತೀನಿ.”

ಬಡಗಿ ಕೂತ.

ಮಗಳು ಹುಷಾರಾದಳು. ಔಷಧಿಯಿಂದಲೋ ಆ ಪ್ರಾರ್ಥನೆಯಿಂದಲೋ, ಅವನಿಗಿನ್ನೂ ಬಗೆಹರಿದಿಲ್ಲ. ನಾನು ನಂಬುತ್ತೇನೋ ಇಲ್ಲವೋ ಎಂದು ಗೊಣಗುತ್ತಲೇ ಚರ್ಚಿಗೆ ಹೋಗುತ್ತಾನೆ, ಮೊಣಕಾಲೂರುತ್ತಾನೆ.

ದರ್ಜಿಯನ್ನು ಮಾತಾಡಿಸಬೇಕೆಂದು ಎಷ್ಟೋ ಸಲ ಅವನ ಬಾಗಿಲವರೆಗೆ ಹೋದ, ಬಿಗುಮಾನ ಬಿಡಲಿಲ್ಲ. ಆಮೇಲೊಂದು ದಿನ ದರ್ಜಿ ಹೊಲಿಗೆ ಯಂತ್ರ ಹೊತ್ತುಕೊಂಡು ಊರು ಬಿಟ್ಟ. ಆ ಋಣ ತೀರಲೇ ಇಲ್ಲ.