ಲಘು, ಗುರು, ಸ್ಪ್ರಿಂಗು

ನನ್ನ ತೂಕ ಅರವತ್ತೆಂಟು ಕಿಲೋ ಎಂದು ಕೊಟ್ಟಾರದ ಮೆಕ್ಯಾನಿಕ್ ಸಂಜೀವಣ್ಣನ ಎದುರು ನಾನು ಹೇಳಿದ್ದು ಸುಳ್ಳು. ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ, ಸುಳ್ಳು ಹೇಳಿದ ಹುಡುಗರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಈಗ ನನ್ನನ್ನು ನಿಲ್ಲಿಸುವುದಕ್ಕೆ ಬೆಂಚಿಲ್ಲ. ಇದ್ದರೂ ಅದು ತಡೆದೀತೆಂಬ ಭರವಸೆ ಇಲ್ಲ. ಸತ್ಯ ಎಪ್ಪತ್ತಾರು. ಈ ಎಂಟು ಕಿಲೋ ಎಲ್ಲಿ ಅಡಗಿತ್ತು, ಕೊನೆಗೆ ಎಲ್ಲಿ ಬಾಯಿಬಿಟ್ಟಿತು ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ. ಸಂಜೀವಣ್ಣನಿಗೆ ಹೇಳಬೇಡಿ.

ನಮ್ಮ ಕಾರು ಹದಿನೇಳು ವರ್ಷದ್ದು. ಮಾರುವಾಗ ಅಂಗಡಿಯವರು ಅದನ್ನು ‘ಟೂರಿಂಗ್ ಕಾರು’ ಎಂದು ಕರೆದಿದ್ದರು. ಅದು ಮಾಡಿದ ಟೂರುಗಳು ಬಿಜೈಯ ನಮ್ಮ ಮನೆಯಿಂದ ಮದುವೆ, ಮುಂಜಿ, ಸತ್ತವರ ಬೊಜ್ಜಗಳಿಗೆ ಹೋಗಿ ಊಟ ಮುಗಿಸಿ ಬಂದದ್ದು, ಅಷ್ಟೆ. ಹಾಗೆ ತಿಂದವರನ್ನು ಹೊತ್ತು ಹೊತ್ತು ಅದರ ಸ್ಪ್ರಿಂಗು ಕುಸಿಯಿತು, ಹೊಟ್ಟೆ ನೆಲಕ್ಕೆ ಹತ್ತಿರವಾಯಿತು. ಇದರಲ್ಲಿ ಕಾರನ್ನು ದೂರುವಂಥದ್ದು ಏನೂ ಇಲ್ಲ. ಅದೇ ಹದಿನೇಳು ವರ್ಷಗಳಲ್ಲಿ ನನಗೂ ಆದದ್ದು ಅದೇ.

ಮೊದಲಿನಿಂದಲೂ ಅದರ ಹೊಟ್ಟೆ ತಾಗುತ್ತಿದ್ದ ಒಂದು ಸ್ಥಳವೆಂದರೆ ನಮ್ಮದೇ ಗೇಟು. ಓಣಿಯ ಮಳೆನೀರು ಅಂಗಳಕ್ಕೆ ನುಗ್ಗದಿರಲೆಂದು ನಾನು ಅಲ್ಲಿ ಸಿಮೆಂಟಿನ ದಿಣ್ಣೆಯೊಂದನ್ನು ಕಟ್ಟಿಸಿದ್ದೆ. ನೀರು ಪಕ್ಕದ ದಾರಿ ಕಂಡುಕೊಂಡು ಎಂದಿನಂತೆ ಬರುತ್ತಿತ್ತು. ಕಾರು ಮಾತ್ರ ಪ್ರತಿ ಸಲ ‘ಕರ್ರ್’ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೋಗಿರುತ್ತಿದ್ದ ಮಗಳು ವೈದೇಹಿ, ಆಗ ಹತ್ತು ವರ್ಷದ ಹುಡುಗಿ, ಆ ಸದ್ದಿಗೆ ಕಣ್ಣು ತೆರೆಯದೆಯೇ “ಮನೆ ಬಂತಾ?” ಎನ್ನುತ್ತಿದ್ದಳು. ರಸ್ತೆಯಲ್ಲಿ ಯಾವ ಹಂಪು ಬಂದರೂ, ಯಾವ ಹೊಂಡ ಬಂದರೂ ಏಳದವಳು ಆ ಒಂದು ಸದ್ದಿಗೆ ಏಳುತ್ತಿದ್ದಳು.

ಈಗ ಅವಳು ಹಾಸನದಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ನಡುವೆ ಒಂದು ತಿಂಗಳು ಅವಳು ಎದ್ದು ಓಡಾಡುವಂತಿರಲಿಲ್ಲ. ಆ ತಿಂಗಳಿಡೀ ನಮ್ಮ ಮನೆಯ ಫೋನು ಬಡಿದುಕೊಂಡರೆ ನನ್ನ ಎದೆಯೂ ಬಡಿದುಕೊಳ್ಳುತ್ತಿತ್ತು. ಎಂಟನೆಯ ತಿಂಗಳಲ್ಲಿ ಡಾಕ್ಟರು ಹೊರಡಲು ಒಪ್ಪಿದರು, ಆದರೆ ಎರಡು ಶರತ್ತು: ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿಯಬಾರದು, ಆದ್ದರಿಂದ ರೈಲು ಬೇಡ, ಕಾರಿನಲ್ಲಾದರೆ ಕುಲುಕಬಾರದು. ಘಟ್ಟದ ರಸ್ತೆಯಲ್ಲಿ ಕುಲುಕಬಾರದೆಂದು ಹೇಳಿದ ಆ ಡಾಕ್ಟರು ಯಾವ ಊರಿನವರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

“ಬಾಡಿಗೆಗೆ ಒಂದು ಒಳ್ಳೆ ಗಾಡಿ ಮಾಡಿದ್ರೆ ಆಗುದಿಲ್ವಾ?” ಎಂದಳು ನನ್ನ ಹೆಂಡತಿ ವಾರಿಜ. ಆದರೆ ಮಗಳು ಫೋನಿನಲ್ಲಿ, “ನಮ್ಮ ಕಾರೇ ತನ್ನಿ ಅಪ್ಪ. ನನ್ನ ಸೀಟಿನಲ್ಲಿ ಕಾಲು ಚಾಚಿ ಬರ್ತೇನೆ” ಅಂದಿದ್ದಳು. ಅಲ್ಲಿಗೆ ವಿಚಾರಣೆ ಮುಗಿದು ತೀರ್ಪು ಹೊರಬಿತ್ತು.

ಕೊಟ್ಟಾರಕ್ಕೆ ಹೋಗುವಾಗ ವಾರಿಜಳನ್ನೂ ಅವಳ ಅಕ್ಕ ಪದ್ಮಕ್ಕನನ್ನೂ ಹಿಂದೆ ಕೂರಿಸಿಕೊಂಡೆ. ಭಾರವಿಲ್ಲದೆ ಕಾರು ತನ್ನ ಕಾಯಿಲೆಯನ್ನು ತೋರಿಸುತ್ತಿರಲಿಲ್ಲ. ಪದ್ಮಕ್ಕನಿಗೆ ನಾಲ್ಕು ಬಾಣಂತನ ಮಾಡಿಸಿದ ಅನುಭವವಿದ್ದು, ಹಾಸನಕ್ಕೂ ಅವರು ಬರುವುದೆಂದು ಅವರೇ ತೀರ್ಮಾನಿಸಿದ್ದರು. ಸಂಜೀವಣ್ಣ ಕಾರಿನಡಿಗೆ ತೂರಿ, ಹೊರಬಂದು ಕೈ ಒರೆಸಿಕೊಂಡ.

“ರಬ್ಬರ್ ಬುಷ್ ಇಲ್ಲ ಮಾಷ್ಟ್ರೇ. ಬುಷ್ ಇದ್ದ ಜಾಗ ಮಾತ್ರ ಉಂಟು.”

“ಶಾಕ್ ಅಬ್ಸಾರ್ಬರ್?”

“ಅದು ಉಂಟು. ಆದ್ರೆ ಶಾಕ್ ಎಲ್ಲ ನೀವೇ ತಿಂತಾ ಇದ್ದದ್ದು.”

ಎಲ್ಲ ಬಿಚ್ಚಿ ಹೊಸತು ಹಾಕಿ, ಒಂದೂವರೆ ಇಂಚು ಎತ್ತರಿಸಬೇಕೆಂದು ತೀರ್ಮಾನವಾಯಿತು. ಎತ್ತುವುದು ಕಷ್ಟವಲ್ಲವಂತೆ. “ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಲಾರಿಯ ಹಾಗೆ ಹಾರ್ತದೆ. ಮೆತ್ತಗಿನದ್ದು ಹಾಕಿದ್ರೆ ಪುನಃ ಕೂತ್ಕೊಳ್ತದೆ. ಎಷ್ಟು ಜನ, ಎಷ್ಟು ಭಾರ, ಸರೀ ಹೇಳಿ. ನೋಡಿ ಹಾಕುವ” ಎಂದು ಅವನು ಸೀಮೆಸುಣ್ಣ ಹಿಡಿದು ಲೆಕ್ಕ ಬರೆಯಲು ಗ್ಯಾರೇಜಿನ ಶಟರಿನ ಎದುರು ನಿಂತ.

ನಮ್ಮ ಕಡೆ ತುಲಾಭಾರದ ಹರಕೆ ಹೊಸತಲ್ಲ. ದೇವರೆದುರು ತಕ್ಕಡಿಯಲ್ಲಿ ಕುಳಿತು, ಇಡೀ ಊರು ನೋಡುತ್ತಿರುವಾಗ ಬೆಲ್ಲಕ್ಕೋ ಬಾಳೆಹಣ್ಣಿಗೋ ಸಮನಾಗಿ ತೂಗಿಸಿಕೊಳ್ಳಲು ನಮಗೆ ಸಂಕೋಚವಿಲ್ಲ. ಆದರೆ ಅಲ್ಲಿ ತೂಕ ಬೆಲ್ಲದ ಹೆಸರಿನಲ್ಲಿರುತ್ತದೆ. ಶಟರಿನ ಮೇಲೆ ಬರೆಯುವುದೆಂದರೆ ಬೇರೆ. ನನ್ನ ಅಪರಾಧಕ್ಕೆ ಇನ್ನೊಂದು ಮುಖವೂ ಉಂಟು: ಗುರು ಎಂಬ ಶಬ್ದಕ್ಕೆ ಭಾರವಾದದ್ದು ಎಂಬುದೂ ಅರ್ಥ. ಭಾರ ಮುಚ್ಚಿಟ್ಟ ಗುರು ವೃತ್ತಿಗೂ ದ್ರೋಹ ಬಗೆದಂತಾಯಿತು. ಆ ಕ್ಷಣದಲ್ಲಿ ಇದ್ಯಾವುದೂ ಹೊಳೆಯಲಿಲ್ಲ. “ಅರವತ್ತೆಂಟು” ಎಂದುಬಿಟ್ಟೆ.

ವಾರಿಜ ಐವತ್ತೈದು ಎಂದಳು. ಅದೂ ಒಂದು ಕಾಲದ ಸತ್ಯವೇ. ನಮ್ಮ ಮದುವೆಯ ಫೋಟೋದಲ್ಲಿ ಅದಕ್ಕೆ ಸಾಕ್ಷಿ ಉಂಟು. ಪದ್ಮಕ್ಕ “ಬರಕೊಳ್ಳಿ, ಅರವತ್ತು” ಎಂದು ಅಪ್ಪಣೆ ಕೊಟ್ಟರು. ಸಂಜೀವಣ್ಣ ಪದ್ಮಕ್ಕನನ್ನು ನೋಡಿದ, ಬಳಿಕ ಕುಸಿದು ಕೂತಿದ್ದ ಹಿಂದಿನ ಚಕ್ರವನ್ನು ನೋಡಿದ, ಅರವತ್ತೆಂದೇ ಬರೆದ.

“ನಂಗೆ ಎಂತ ಇಲ್ಲ, ಮಾರಾಯ್ರೆ. ನನ್ನತ್ರ ಸುಳ್ಳು ಹೇಳಿದ್ರೆ ಗಾಡಿ ಹೇಳ್ತದೆ.”

ಮಗಳಿಗೆ ಅಲ್ಲಿಂದಲೇ ಫೋನು ಮಾಡಿದೆ. “ಎಪ್ಪತ್ತೊಂದು ಅಪ್ಪ! ನಿನ್ನೆ ತೂಗಿದ್ರು. ಎರಡು ಜಾಸ್ತಿ ಆಗಿದೆ!” ಎಂದಳು, ರ‍್ಯಾಂಕು ಬಂದವಳಂತೆ. ಆ ಶಟರಿನ ಮೇಲಿದ್ದ ಒಂದೇ ಸತ್ಯ ಅದು.

ಛಂದಸ್ಸಿನಲ್ಲಿ ಒಂದು ನಿಯಮವುಂಟು. ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಸವೆಸಿದ್ದು. ಒತ್ತಕ್ಷರದ ಹಿಂದಿನ ಅಕ್ಷರ ಹಗುರವಾಗಿದ್ದರೂ ಭಾರವೆನಿಸುತ್ತದೆ, ಲಘು ಗುರುವಾಗುತ್ತದೆ. ‘ಮಗಳು’ ಎನ್ನುವಾಗ ಮ ಲಘು. ‘ಮಕ್ಕಳು’ ಎಂದೊಡನೆ ಅದೇ ಮ ಗುರು. ಬರಲಿರುವವರ ಭಾರವನ್ನು ಮೊದಲೇ ಇರುವವರು ಹೊರಬೇಕೆಂದು ಇದರರ್ಥ. ಇಷ್ಟು ವರ್ಷ ನಾನದನ್ನು ವ್ಯಾಕರಣವೆಂದು ಭಾವಿಸಿದ್ದೆ. ಗ್ಯಾರೇಜಿನಲ್ಲಿ ಎಣ್ಣೆಯ ವಾಸನೆಯ ನಡುವೆ ನಿಂತಾಗಲೇ ಅದು ಮಗಳ ಸಮಾಚಾರವೆಂದು ತಿಳಿದದ್ದು.

ನಾಲ್ಕು ದಿನದಲ್ಲಿ ಕಾರು ಸಿದ್ಧವಾಯಿತು. ನೋಡಲು ವಿಚಿತ್ರವಾಗಿತ್ತು, ಹೊಸ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನೀರಿಗಿಳಿಯುವ ಹಿರಿಯರಂತೆ. ನನಗೆ ಧೈರ್ಯ ಬರಲಿಲ್ಲ. ಮಗಳು ಕೂರುವ ಜಾಗದಲ್ಲಿ ನೀರು ತುಂಬಿದ ತಂಬಿಗೆಯನ್ನಿಟ್ಟು, ಬೆಲ್ಟು ಬಿಗಿದು, ವಾಮಂಜೂರಿನವರೆಗೆ ಹೋಗಿಬಂದೆ. ಹಂಪು ಕಂಡಲ್ಲೆಲ್ಲ ಉಸಿರು ಬಿಗಿಹಿಡಿದೆ, ಹಿಂದಿನ ಬಸ್ಸಿನವನ ಹಾರ್ನನ್ನು ಹರಸಿದೆ. ಎರಡು ಚಮಚದಷ್ಟು ನೀರು ಚೆಲ್ಲಿತ್ತು. ಗೇಟಿನ ದಿಣ್ಣೆಯೂ ತಾಗಲಿಲ್ಲ.

“ದಣಿದು ಬಂದ ತಂಬಿಗೆಗೆ ಆಸರಿಗೆ ಕುಡೀಲಿಕ್ಕೆ ಎಂತ ಕೊಡ್ಲಿ?” ಎಂದಳು ವಾರಿಜ. ತಮಾಷೆ ಮಾಡಿದಳಾದರೂ, ಬಗ್ಗಿ ಸೀಟಿನ ಒದ್ದೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದವಳೂ ಅವಳೇ.

ಹಾಸನದಲ್ಲಿ ಬೀಗರು ಪ್ರೀತಿಯಿಂದ ಒಂದು ಮೂಟೆ ಆಲೂಗಡ್ಡೆ ಹೇರಿದರು. ಅದು ಶಟರಿನ ಲೆಕ್ಕದಲ್ಲಿರಲಿಲ್ಲ. ಆದರೆ ಬೀಗರ ಪ್ರೀತಿಯನ್ನು ಇಳಿಸಿ ಬರುವ ಕ್ರಮ ಎಲ್ಲಿಯೂ ಇಲ್ಲ. ವೈದೇಹಿ ಪದ್ಮಕ್ಕನ ತೊಡೆಯ ಮೇಲೆ ಕಾಲು ಚಾಚಿದಳು. ಘಟ್ಟದಲ್ಲಿ ನಾನು ಕಂಡದ್ದು ಎರಡೇ: ಎದುರಿನ ರಸ್ತೆ, ಕನ್ನಡಿಯಲ್ಲಿ ಅವಳ ಮುಖ. ಒಂದು ತಿರುವಿನಲ್ಲಿ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಹುಬ್ಬು ಗಂಟಿಕ್ಕಿದಳು. ಬ್ರೇಕು ಹಾಕಿದ ಕಾಲು ನನ್ನದೆಂದೇ ಅನಿಸಲಿಲ್ಲ.

“ಎಂತಾಯ್ತು ಮಗಾ?” ವಾರಿಜಳ ಸ್ವರ ಬದಲಾಗಿತ್ತು.

“ಎಂತ ಇಲ್ಲ ಅಮ್ಮ, ಒದೀತಾ ಉಂಟು.”

“ಒದೀಲಿ, ಒದೀಲಿ. ನೀವು ಹೋಗಿ ಭಾವ, ಗಾಡಿ ಕುಲುಕಿದ್ದಲ್ಲ ಅದು” ಎಂದರು ಪದ್ಮಕ್ಕ.

ಆಮೇಲೆ ಅವಳಿಗೆ ನಿದ್ದೆ ಬಂತು. ಅಷ್ಟು ಹೊಂಡ, ಅಷ್ಟು ಹಂಪು. ಕಾರು ಎಲ್ಲಿಯೂ ತಾಗಲಿಲ್ಲ. ಸಂಜೀವಣ್ಣನಿಗೆ ಮನಸ್ಸಿನಲ್ಲೇ ಶಾಲು ಹೊದಿಸುತ್ತ ಸಂಜೆ ನಾಲ್ಕಕ್ಕೆ ಬಿಜೈಯ ನಮ್ಮ ಓಣಿಗೆ ತಿರುಗಿದೆ. ಗೇಟಿನ ಎದುರು ನಿಧಾನಿಸಿದೆ. ಮುಂದಿನ ಚಕ್ರ ದಿಣ್ಣೆ ಹತ್ತಿ ಇಳಿಯಿತು. ಸದ್ದಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ, ಕಾರಿನ ಹೊಟ್ಟೆಯಿಂದ ಮೆಲ್ಲಗೆ, ಗಂಟಲು ಸರಿಮಾಡಿಕೊಂಡಂತೆ: ‘ಕರ್ರ್.’

ಪದ್ಮಕ್ಕ ಎಡಗಡೆಯ ಕಿಟಕಿಯಿಂದ ತೆಂಗಿನ ಮರ ನೋಡಿದರು. ವಾರಿಜ ಚೀಲದ ಜಿಪ್ಪು ಹುಡುಕಿದಳು. ನಾನು ಸ್ಟಿಯರಿಂಗಿನ ಮೇಲಿನ ಧೂಳು ಒರೆಸಿದೆ. ಆ ಸದ್ದಿನಲ್ಲಿ ಎಷ್ಟು ಪಾಲು ಆಲೂಗಡ್ಡೆಯದು, ಎಷ್ಟು ಪಾಲು ಯಾರಾರದು ಎಂದು ವಿಂಗಡಿಸಲು ಯಾರಿಗೂ ಆತುರವಿರಲಿಲ್ಲ.

ಹಿಂದಿನಿಂದ, ಕಣ್ಣು ತೆರೆಯದೆಯೇ, ನಿದ್ದೆಯ ಸ್ವರ ಕೇಳಿತು: “ಮನೆ ಬಂತಾ?”

“ಬಂತು ಮಗಾ” ಎಂದೆ.

ಮರುದಿನ ಸಂಜೀವಣ್ಣ ಫೋನು ಮಾಡಿದ. “ಎಲ್ಲಿಯಾದ್ರೂ ತಾಗಿತಾ, ಮಾಷ್ಟ್ರೇ?”

“ಒಂದು ಕಡೆ. ನಮ್ಮ ಗೇಟಲ್ಲಿ.”

“ಹಾಂ! ನಾನು ಹೇಳಿದ್ದಲ್ವಾ? ಈಗಲಾದ್ರೂ ಸರೀ ತೂಕ ಹೇಳಿ. ಇನ್ನು ಅರ್ಧ ಇಂಚು ಎತ್ತಿಬಿಡುವ.”

ಒಳಗೆ ಮಗಳು ನಗುತ್ತಿರುವುದು ಕೇಳಿಸುತ್ತಿತ್ತು. ನಾನು ಗಂಭೀರವಾಗಿ ಹೇಳಿದೆ:

“ಬೇಡ ಸಂಜೀವಣ್ಣ, ಅಳತೆ ಸರಿ ಉಂಟು. ನನ್ನ ತೂಕ ಅರವತ್ತೆಂಟೇ.”